ಪುರುಸೊತ್ತಿಗೆ ಕಾಯುವುದು ಬೇಡ

"ಸ್ವಲ್ಪ ಪುರುಸೊತ್ತಾಗಲಿ, ಆಮೇಲೆ ನಾನೂ ಏನಾದರೂ ಸೇವೆ ಮಾಡ್ತೀನಿ." ಈ ಮಾತನ್ನು ನಾವೆಲ್ಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಆಸೆ ಇರುತ್ತದೆ. ಆದರೆ ಆಗುವುದೇನು? ಓದು ಮುಗಿಯಲಿ ಅಂದುಕೊಂಡವರಿಗೆ ಕೆಲಸ ಸಿಗುತ್ತದೆ, ಕೆಲಸ ಒಂದು ಹದಕ್ಕೆ ಬರಲಿ ಅನ್ನುವಷ್ಟರಲ್ಲಿ ಮಕ್ಕಳಾಗುತ್ತವೆ, ಮಕ್ಕಳು ಸ್ವಲ್ಪ ದೊಡ್ಡವರಾಗಲಿ ಅನ್ನುವಷ್ಟರಲ್ಲಿ ಅಪ್ಪ ಅಮ್ಮನ ಆರೋಗ್ಯ ಕೈಕೊಡುತ್ತದೆ, ಕೊನೆಗೆ ನಿವೃತ್ತಿ ಆಯಿತು ಅನ್ನುವಾಗ ನಮ್ಮದೇ ಮಂಡಿ ನೋವು. ಪುರುಸೊತ್ತು ತಾನಾಗಿ ಬಂದ ಮನೆಯನ್ನು ನಾನಂತೂ ನೋಡಿಲ್ಲ.

ಸೇವೆ ಯಾಕೆ ಮಾಡಬೇಕು ಅಂತ ಹೇಳಲು ನಾನು ಬಂದಿಲ್ಲ. ರಜೆಯ ದಿನ ಸಂಜೆ ಇಲ್ಲಿ ಬಂದು ಕೂತಿದ್ದೀರಿ ಅಂದರೆ ಅದು ನಿಮಗೆ ಗೊತ್ತೇ ಇದೆ. ಯಾವಾಗ ಮಾಡುವುದು ಅನ್ನುವ ಒಂದೇ ಪ್ರಶ್ನೆ ಹಿಡಿದು ಮಾತಾಡುತ್ತೇನೆ. ಯಾಕೆಂದರೆ ಒಳ್ಳೆಯ ಮನಸ್ಸಿನ ಎಷ್ಟೋ ಜನ ಎಡವುವುದು ಅಲ್ಲೇ.

1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ್ದು. ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಕರೆದರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಪುಟ್ಟ ಭಾಷಣ ಮಾಡಬೇಕು ಅಂದರು. ಕೆಲವರಿಗೆ ಕೊಟ್ಟ ವಿಷಯ ಯಾವುದು ಗೊತ್ತಾ? ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಬಗ್ಗೆ ಯೇಸು ಹೇಳಿದ ಕಥೆ. ಹೊರಡುವ ಮುಂಚೆ ಕೆಲವರಿಗೆ "ಈಗಾಗಲೇ ತಡವಾಗಿದೆ, ಬೇಗ ಹೋಗಿ" ಅಂದರು. ಕೆಲವರಿಗೆ "ಇನ್ನೂ ಸಮಯ ಇದೆ" ಅಂದರು. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಈ ಮನಶ್ಶಾಸ್ತ್ರಜ್ಞರೇ. ಸಮಯ ಇದ್ದವರಲ್ಲಿ ನೂರಕ್ಕೆ 63 ಜನ ನಿಂತು ಸಹಾಯ ಮಾಡಿದರು. ಅವಸರದಲ್ಲಿದ್ದವರಲ್ಲಿ ನೂರಕ್ಕೆ ಹತ್ತೇ ಜನ. ತಲೆಯಲ್ಲಿ ಸಮಾರ್ಯದವನ ಕಥೆಯನ್ನೇ ಹೊತ್ತು ಓಡುತ್ತಿದ್ದವರೂ ಹಾಗೇ ದಾಟಿ ಹೋದರು.

ಈ ಫಲಿತಾಂಶವನ್ನು ಕೆಲವರು ಮನುಷ್ಯನ ಬಗ್ಗೆ ಬೇಸರಪಟ್ಟುಕೊಳ್ಳಲು ಬಳಸುತ್ತಾರೆ. ನನಗೆ ಅದರಲ್ಲಿ ಸಮಾಧಾನ ಕಾಣಿಸುತ್ತದೆ. ಆ ಹುಡುಗರ ಮನಸ್ಸು ಕೆಟ್ಟದ್ದಾಗಿರಲಿಲ್ಲ, ಅವಸರ ಅವರನ್ನು ಎಳೆದುಕೊಂಡು ಹೋಯಿತು. ಹಾಗಾಗಿ "ನನಗೆ ಮೊದಲಿನ ಹಾಗೆ ಕಾಳಜಿ ಇಲ್ಲ, ನಾನು ಸ್ವಾರ್ಥಿ ಆಗಿಬಿಟ್ಟೆ" ಅಂತ ಕೊರಗುವ ಬದಲು ವಾರದ ವೇಳಾಪಟ್ಟಿಯನ್ನು ಒಮ್ಮೆ ಮುಂದೆ ಹಾಕಿಕೊಂಡು ನೋಡಿ. ಮನಸ್ಸನ್ನು ಬದಲಾಯಿಸುವುದಕ್ಕಿಂತ ಅದನ್ನು ಬದಲಾಯಿಸುವುದು ಸುಲಭ.

ಇಲ್ಲಿ ಒಂದು ಮಾತು ಹೇಳಲೇಬೇಕು. "ಎಲ್ಲರಿಗೂ ದಿನಕ್ಕೆ 24 ಗಂಟೆಯೇ ಅಲ್ವಾ" ಅಂತ ವೇದಿಕೆ ಮೇಲಿಂದ ಹೇಳುವವರನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎಲ್ಲರಿಗೂ ಒಂದೇ ಅಲ್ಲ. ಎರಡು ಕಡೆ ದುಡಿಯುವವರಿದ್ದಾರೆ. ಹಾಸಿಗೆ ಹಿಡಿದ ಗಂಡನನ್ನೋ ಅತ್ತೆಯನ್ನೋ ಒಬ್ಬರೇ ನೋಡಿಕೊಳ್ಳುವವರಿದ್ದಾರೆ. ವಿಶೇಷ ಆರೈಕೆ ಬೇಕಾದ ಮಗು ಇರುವ ಮನೆಗಳಿವೆ. ಅವರಾಗಲೇ ಸೇವೆಯಲ್ಲಿದ್ದಾರೆ, ಬಹಳ ಸಲ ಯಾರ ಚಪ್ಪಾಳೆಯೂ ಇಲ್ಲದೆ. ನಿಮ್ಮಲ್ಲಿ ಅಂಥವರು ಯಾರಾದರೂ ಇದ್ದರೆ ನನ್ನ ಮಾತಿನಿಂದ ಒಂದು ಚೂರೂ ತಪ್ಪಿತಸ್ಥ ಭಾವನೆ ಇಟ್ಟುಕೊಳ್ಳಬೇಡಿ. ನಿಮ್ಮ ಬಾಗಿಲಿಗೆ ಬಂದು ವಾರಕ್ಕೆರಡು ಗಂಟೆ ನಿಮಗೆ ಬಿಡುವು ಮಾಡಿಕೊಡುವವರು ಬೇಕು. ಕೇಳುತ್ತಿರುವ ಉಳಿದವರು ಇದನ್ನೂ ಒಂದು ಸೇವೆ ಅಂತ ಗುರುತು ಹಾಕಿಕೊಳ್ಳಿ.

ಉಳಿದ ನಮ್ಮಂಥವರ ಸಂಗತಿಗೆ ಬರೋಣ. ವಾರಕ್ಕೆ 168 ಗಂಟೆ. ನಾನು ಕೇಳುತ್ತಿರುವುದು ಅದರಲ್ಲಿ ಒಂದೂವರೆ ಗಂಟೆ. ಭಾರತದ ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಕಾಲೇಜು ವಿದ್ಯಾರ್ಥಿಗಳಿಂದ ಕೇಳುತ್ತಾ ಬಂದಿರುವ ಲೆಕ್ಕ ವರ್ಷಕ್ಕೆ 120 ಗಂಟೆ. ಕೇಳುವಾಗ ದೊಡ್ಡದು ಅನಿಸುತ್ತದೆ. ವಾರಕ್ಕೆ ಹಂಚಿದರೆ ಎರಡೂ ಕಾಲು ಗಂಟೆ ಚಿಲ್ಲರೆ. ದುಡಿಯುವ ಮನುಷ್ಯ ಅದಕ್ಕಿಂತ ಕಡಿಮೆ ಇಟ್ಟುಕೊಂಡರೂ ಸಾಕು, ಆದರೆ ಆ ಒಂದೂವರೆ ಗಂಟೆಗೆ ವಾರದಲ್ಲಿ ಒಂದು ಜಾಗ ಇರಬೇಕು. "ಆಗಾಗ ಹೋಗ್ತೀನಿ" ಅಂದರೆ ಹೋಗುವುದಿಲ್ಲ. "ಬುಧವಾರ ಸಂಜೆ ಆರಕ್ಕೆ, ಆಫೀಸಿನಿಂದ ಮನೆಗೆ ಬರದೆ ನೇರವಾಗಿ" ಅಂದರೆ ಹೋಗುತ್ತೀರಿ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನೇ ಬಹಳ ಕಾಲ ಅಧ್ಯಯನ ಮಾಡಿದ್ದಾರೆ. ಸುಮ್ನೆ "ಮಾಡಬೇಕು" ಅಂದುಕೊಂಡವರಿಗಿಂತ ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ನಿಕ್ಕಿ ಮಾಡಿಕೊಂಡವರು ಆ ಕೆಲಸ ಮಾಡಿ ಮುಗಿಸುವುದು ಜಾಸ್ತಿ.

ಆ ಜಾಗ ಹುಡುಕುವಾಗ ಬರುವ ತಿಂಗಳ ಕ್ಯಾಲೆಂಡರ್ ನೋಡಬೇಡಿ. ಬರುವ ತಿಂಗಳು ಯಾವಾಗಲೂ ಖಾಲಿಯಾಗಿಯೇ ಕಾಣುತ್ತದೆ. ಹೋದ ತಿಂಗಳದ್ದು ತೆಗೆಯಿರಿ. ನಾಲ್ಕೂ ವಾರದಲ್ಲಿ ಯಾವ ಹೊತ್ತು ನಿಮ್ಮ ಕೈಯಲ್ಲೇ ಇತ್ತು? ಕೆಲವರಿಗೆ ಅದು ಭಾನುವಾರ ಬೆಳಿಗ್ಗೆ ಏಳರಿಂದ ಎಂಟೂವರೆ, ಮನೆಯವರೆಲ್ಲ ಇನ್ನೂ ಮಲಗಿರುವ ಹೊತ್ತು. ಕೆಲವರಿಗೆ ಗುರುವಾರ ಮಧ್ಯಾಹ್ನ ಊಟದ ಬಿಡುವು. ಎಲ್ಲರಿಗೂ ಮೊದಲು ಹೊಳೆಯುವುದು ಶನಿವಾರ ಸಂಜೆ. ಆದರೆ ಮದುವೆ, ನೆಂಟರು, ಮಕ್ಕಳ ಕಾರ್ಯಕ್ರಮ ಎಲ್ಲ ಬಂದು ಬೀಳುವುದೂ ಅಲ್ಲೇ, ಹಾಗಾಗಿ ಹೆಚ್ಚು ಮುರಿಯುವುದೂ ಅದೇ. ಇನ್ನೊಂದು, ಹೋಗಿ ಬರುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಒಂದು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲಿ ನಿಲ್ಲಬೇಕು ಅಂದರೆ ಮೂರನೇ ತಿಂಗಳಿಗೆ ನೀವು ಅಲ್ಲಿರುವುದಿಲ್ಲ. ನಡೆದು ಹೋಗುವಷ್ಟು ಹತ್ತಿರ ಇರುವ ಸಾಧಾರಣ ಕೆಲಸ, ಊರಾಚೆ ಇರುವ ತುಂಬಾ ಇಷ್ಟವಾದ ಕೆಲಸಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಚಿಕ್ಕದಾಗಿ ಶುರು ಮಾಡಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಆರಂಭ ಶೂರತ್ವ ಜಾಸ್ತಿ. ಮೊದಲ ವಾರದ ಹುರುಪಿನಲ್ಲಿ ವಾರಕ್ಕೆ ಮೂರು ದಿನ ಬರ್ತೀನಿ ಅಂತ ಒಪ್ಪಿಕೊಂಡು ಆರನೇ ವಾರ ಫೋನ್ ಎತ್ತದವರನ್ನು ಎಲ್ಲ ಸಂಸ್ಥೆಗಳೂ ಕಂಡಿವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಣದ ವಿಷಯಕ್ಕೆ ಹೇಳುತ್ತೇವಲ್ಲ, ಸಮಯಕ್ಕೂ ಹೇಳಬೇಕು. ಹಳೆಯ ಪುಸ್ತಕಗಳನ್ನು ಉಚಿತ ಡಿಜಿಟಲ್ ಪ್ರತಿ ಮಾಡಲು ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಅನ್ನುವ ಸ್ವಯಂಸೇವಕರ ಗುಂಪು 2000ದಲ್ಲಿ ಶುರುವಾಯಿತು. ಸ್ಕ್ಯಾನ್ ಮಾಡಿದ ಪುಟ ಒಂದು ಕಡೆ, ಕಂಪ್ಯೂಟರ್ ಓದಿದ ಅಕ್ಷರ ಇನ್ನೊಂದು ಕಡೆ, ಎರಡನ್ನೂ ಹೋಲಿಸಿ ತಪ್ಪು ತಿದ್ದುವುದು ಕೆಲಸ. ಅವರು ಸೇರುವವರಿಂದ ಕೇಳುವುದು ದಿನಕ್ಕೊಂದು ಪುಟ. ಒಂದೇ ಪುಟ. ಹಾಗೆ ಸಾವಿರಾರು ಪುಸ್ತಕಗಳು ಮುಗಿದಿವೆ. ನಾವು ಅಳಿಲು ಸೇವೆ ಅನ್ನುತ್ತೇವಲ್ಲ, ಅದರ ಬಲ ಇರುವುದು ಅಳಿಲು ಪ್ರತಿದಿನ ಬರುವುದರಲ್ಲಿ.

ಇಷ್ಟು ಹೊತ್ತೂ ನಮ್ಮ ಕಡೆಯಿಂದ ನೋಡಿದೆವು. ಸೇವೆ ಪಡೆಯುವವರ ಕಡೆಯಿಂದ ನೋಡಿದರೆ ನಿಗದಿ ಅನ್ನುವುದು ಯಾಕೆ ಅಷ್ಟು ದೊಡ್ಡ ಸಂಗತಿ ಅಂತ ಗೊತ್ತಾಗುತ್ತದೆ. ನನ್ನ ಮಾತಿನ ತಿರುಳು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ರಕ್ತದಾನ ತೆಗೆದುಕೊಳ್ಳಿ. ಸೂಜಿ ಚುಚ್ಚಿದ ಮೇಲೆ ಚೀಲ ತುಂಬುವುದಕ್ಕೆ ಸುಮಾರು ಹತ್ತು ನಿಮಿಷ. ತಪಾಸಣೆ, ಆಮೇಲಿನ ವಿಶ್ರಾಂತಿ ಎಲ್ಲ ಸೇರಿ ಒಂದು ಗಂಟೆ ಅಂತಿಟ್ಟುಕೊಳ್ಳಿ. ಆದರೆ ಕೊಟ್ಟ ರಕ್ತಕ್ಕೂ ಔಷಧಿಯ ಹಾಗೆ ಎಕ್ಸ್‌ಪೈರಿ ಡೇಟ್ ಇದೆ. ಕೆಂಪು ರಕ್ತಕಣಗಳನ್ನು ತಂಪಿನಲ್ಲಿ ಇಟ್ಟರೂ ಸಾಮಾನ್ಯವಾಗಿ 42 ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಪ್ಲೇಟ್‌ಲೆಟ್ ಆದರೆ ಐದರಿಂದ ಏಳು ದಿನ, ಅದನ್ನೂ ಕೋಣೆಯ ಉಷ್ಣಾಂಶದಲ್ಲಿ ಯಂತ್ರದ ಮೇಲಿಟ್ಟು ಅಲುಗಾಡಿಸುತ್ತಲೇ ಇರಬೇಕು. ಇನ್ನೊಂದು ಕಡೆ ತೀವ್ರ ತಲಸೇಮಿಯಾ, ಅಂದರೆ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ, ಇರುವ ಒಂದು ಮಗುವಿಗೆ ಎರಡು, ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಬದುಕಿರುವಷ್ಟು ಕಾಲ. ಆ ಮಗುವಿನ ಕ್ಯಾಲೆಂಡರ್ ನಮ್ಮ ಮೂಡ್ ನೋಡಿಕೊಂಡು ಓಡುವುದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆದಾಗ ಅಮೆರಿಕದಲ್ಲಿ ಜನ ರಕ್ತ ಕೊಡಲು ಗಂಟೆಗಟ್ಟಲೆ ಸಾಲು ನಿಂತರು. ಅವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನ ಬೇಡ. ಆದರೆ ಗಾಯಾಳುಗಳಿಗೆ ಬೇಕಾಗಿದ್ದು ಸ್ವಲ್ಪ, ಬಂದದ್ದು ವಿಪರೀತ, ಅದರಲ್ಲಿ ಬಹಳಷ್ಟನ್ನು ಅವಧಿ ಮೀರಿದ ಮೇಲೆ ಎಸೆಯಬೇಕಾಯಿತು. ಅದೇ ಜನ ಮೂರು ನಾಲ್ಕು ತಿಂಗಳಿಗೊಮ್ಮೆ, ತಮ್ಮ ದೇಶದ ನಿಯಮ ಎಷ್ಟು ಅಂತರ ಹೇಳುತ್ತದೋ ಅಷ್ಟಕ್ಕೆ ಸರಿಯಾಗಿ, ಹುಟ್ಟುಹಬ್ಬದ ವಾರ ಒಂದು ಸಲ, ಮಕ್ಕಳ ಪರೀಕ್ಷೆ ಮುಗಿದ ವಾರ ಇನ್ನೊಂದು ಸಲ ಅಂತ ಹೋಗಿ ಕೊಟ್ಟರೆ ಒಂದು ಹನಿಯೂ ವ್ಯರ್ಥ ಆಗುವ ಸಂಭವ ಕಡಿಮೆ. ರಕ್ತನಿಧಿಯವರು ಬಾಯಿಬಿಟ್ಟು ಕೇಳುವುದೂ ಇದನ್ನೇ.

ಇನ್ನೊಂದು, ನಾನೇ ಮಾಡುವ ಕೆಲಸ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್ ಆಗಿ ಹೋಗುವುದು. ಅವರು ಹೇಳುತ್ತಾರೆ, ನಾವು ಬರೆಯುತ್ತೇವೆ. ಕೇಳಲು ಇಷ್ಟೇ. ಕೂತು ನೋಡಿದರೆ ಗೊತ್ತಾಗುತ್ತದೆ. ಪ್ರಶ್ನೆಯನ್ನು ನಿಧಾನವಾಗಿ ಓದಬೇಕು, ಮತ್ತೆ ಕೇಳಿದರೆ ಅದೇ ಧಾಟಿಯಲ್ಲಿ ಮತ್ತೆ ಓದಬೇಕು. ನಾಲ್ಕು ಆಯ್ಕೆ ಇರುವ ಪ್ರಶ್ನೆಯಾದರೆ ನಾಲ್ಕನ್ನೂ ಒಂದೇ ದನಿಯಲ್ಲಿ ಓದಬೇಕು, ಸರಿ ಉತ್ತರ ನಮಗೆ ಗೊತ್ತಿದ್ದರೂ ದನಿ ಅಲ್ಲಿ ಒಂದಿಷ್ಟೂ ಏರಬಾರದು. ಅವರು ತಪ್ಪು ಹೇಳಿದರೆ ತಪ್ಪನ್ನೇ ಬರೆಯಬೇಕು. "ಬ್ರ್ಯಾಕೆಟ್ ಶುರು, ಎಕ್ಸ್ ಸ್ಕ್ವೇರ್, ಪ್ಲಸ್ ಮೂರು ಎಕ್ಸ್, ಬ್ರ್ಯಾಕೆಟ್ ಮುಗಿಸಿ" ಅಂತ ಅವರು ಹೇಳುತ್ತಾ ಹೋಗುವಾಗ ಒಂದು ಗುರುತು ಬಿಟ್ಟರೂ ಇಡೀ ಲೆಕ್ಕ ಹೋಯಿತು. ಹಿಂದಿನ ಸಾಲು ಓದಿ ಅಂದಾಗ ನಮ್ಮ ಅಕ್ಷರ ನಮಗೇ ಓದಲು ಬರಬೇಕು. ಸಾಮಾನ್ಯವಾಗಿ ಇವರಿಗೆ ಹೆಚ್ಚುವರಿ ಸಮಯ ಕೊಡುತ್ತಾರೆ, ಹಾಗಾಗಿ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆವರೆಗೂ ಹೋಗುತ್ತದೆ. ಕೈ ನೋಯುತ್ತದೆ, ಆದರೂ ಕೊನೆಯ ಪುಟದಲ್ಲಿ ಆತುರ ಮಾಡುವ ಹಾಗಿಲ್ಲ.

ಈಗ ಯೋಚಿಸಿ. ಪರೀಕ್ಷೆಯ ದಿನ ಬೆಳಿಗ್ಗೆ ಸ್ಕ್ರೈಬ್ "ಸಾರಿ, ಏನೋ ಅರ್ಜೆಂಟ್ ಬಂತು" ಅಂದುಬಿಟ್ಟರೆ? ವರ್ಷವಿಡೀ ಓದಿದ ಹುಡುಗಿ ಹಾಲ್ ಟಿಕೆಟ್ ಹಿಡಿದು ಗೇಟಿನ ಬಳಿ ನಿಂತಿರುತ್ತಾಳೆ. ಅವಳಿಗೆ ಉತ್ತರ ಗೊತ್ತು, ಬರೆಯಲು ಕೈ ಇಲ್ಲ. ಇಂಥ ಕೆಲಸದಲ್ಲಿ ನಿಮ್ಮ ಬುದ್ಧಿವಂತಿಕೆ, ಮಮತೆ, ಪದವಿ ಎಲ್ಲ ಆಮೇಲೆ. ಒಂಬತ್ತೂವರೆಗೆ ಬರುತ್ತೇನೆ ಅಂದವರು ಒಂಬತ್ತೂಕಾಲಿಗೆ ಅಲ್ಲಿ ನಿಂತಿರಬೇಕು, ಅಷ್ಟೆ. ಹೊಸದಾಗಿ ಬರುವವರಿಗೆ ನಾನು ಯಾವಾಗಲೂ ಹೇಳುವುದು, ಐದು ಪರೀಕ್ಷೆ ಒಪ್ಪಿಕೊಂಡು ಒಂದಕ್ಕೆ ಕೈಕೊಡುವುದಕ್ಕಿಂತ ಒಂದನ್ನೇ ಒಪ್ಪಿಕೊಂಡು ಬನ್ನಿ.

ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡಲು ಹೋಗುವವರಿಗೂ ಇದೇ ಮಾತು. ವರ್ಷಕ್ಕೊಂದು ಸಲ ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಂಡು ಹೋಗುವವರನ್ನು ಮಕ್ಕಳು ಬೇಗ ಮರೆಯುತ್ತಾರೆ, ಅದರಿಂದ ದೊಡ್ಡ ನಷ್ಟವೇನಿಲ್ಲ. ತುಂಬಾ ಹಚ್ಚಿಕೊಂಡು, ಅಕ್ಕ ಅಣ್ಣ ಅನಿಸಿಕೊಂಡು, ಎರಡು ತಿಂಗಳಾದ ಮೇಲೆ ಹೇಳದೆ ಕೇಳದೆ ನಿಂತುಹೋಗುವವರು ಮಾಡುವ ನೋವು ಜಾಸ್ತಿ. ಆಮೇಲೆ ಬಂದವರನ್ನು ಆ ಮಕ್ಕಳು ನಂಬಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ಅಲ್ಲಿನ ಟೀಚರನ್ನು ಕೇಳಿ.

1953ರಲ್ಲಿ ಲಂಡನ್‌ನಲ್ಲಿ ಚಾಡ್ ವಾರಾ ಅನ್ನುವ ಪಾದ್ರಿ ಸಮಾರಿಟನ್ಸ್ ಅನ್ನುವ ಸಹಾಯವಾಣಿ ಶುರು ಮಾಡಿದರು. ಬದುಕು ಸಾಕಾಗಿದೆ ಅನ್ನುವವರು ಫೋನ್ ಮಾಡಬಹುದು, ಈ ಕಡೆ ಒಬ್ಬರು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳುವವರು ತರಬೇತಿ ಪಡೆದ ಸ್ವಯಂಸೇವಕರು. ಈಗ ಅದು ಹಗಲೂ ರಾತ್ರಿ ನಡೆಯುತ್ತದೆ. ರಾತ್ರಿ ಮೂರು ಗಂಟೆಗೆ ಯಾರೋ ಫೋನ್ ಎತ್ತುತ್ತಾರೆ ಅಂದರೆ ಅದಕ್ಕೆ ಕಾರಣ ಆ ದಿನದ ರೋಸ್ಟರ್‌ನಲ್ಲಿ ಒಬ್ಬರ ಹೆಸರಿದೆ. ಅವರಿಗೂ ಮರುದಿನ ಬೇರೆ ಕೆಲಸ ಇರುತ್ತದೆ, ಮನೆ ಇರುತ್ತದೆ.

ಹೀಗೆ ಯಾರೋ ನಮಗಾಗಿ ಕಾಯುತ್ತಿದ್ದಾರೆ ಅನ್ನುವುದು ನಮಗೂ ಒಂದು ಅನುಕೂಲ. ಸೋಮಾರಿತನ ಬಂದ ದಿನವೂ ಕಾಲು ಆ ಕಡೆ ನಡೆಯುತ್ತದೆ. ಆದ್ದರಿಂದ ಒಬ್ಬರೇ ಮಾಡುವ ಕೆಲಸಕ್ಕಿಂತ ಯಾರಾದರೂ "ಯಾಕೆ ಬರಲಿಲ್ಲ?" ಅಂತ ಕೇಳುವ ಕೆಲಸ ಆರಿಸಿಕೊಳ್ಳಿ. ಸಾಧ್ಯವಾದರೆ ಜೋಡಿಯಾಗಿ ಹೋಗಿ, ಒಂದೇ ಜವಾಬ್ದಾರಿಗೆ ಇಬ್ಬರು. ನಿಮಗೆ ಜ್ವರ ಬಂದರೆ ಅವರು, ಅವರಿಗೆ ಪ್ರಯಾಣ ಬಂದರೆ ನೀವು. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿಬಿಡಿ. ಕಾರಣ ಉದ್ದಕ್ಕೆ ವಿವರಿಸುವ ಅಗತ್ಯ ಇಲ್ಲ.

ಎಷ್ಟು ದಿನಕ್ಕೆ ರೂಢಿ ಆಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. 21 ದಿನ ಅನ್ನುವ ಮಾತು ಎಲ್ಲೆಲ್ಲೂ ಓಡಾಡುತ್ತಿದೆ, ಅದನ್ನು ನಂಬಬೇಡಿ. ಲಂಡನ್‌ನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ದಿನಾ ಮಾಡುವ ಒಂದು ಸಣ್ಣ ಕೆಲಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ ಅಂದಾಜು ಬಂತು. ವಾರಕ್ಕೊಮ್ಮೆ ಮಾಡುವುದು ಇನ್ನೂ ನಿಧಾನ ಅಂತ ನನ್ನ ಅನಿಸಿಕೆ. ಆದರೆ ಅದೇ ಅಧ್ಯಯನದಲ್ಲಿ ನನಗೆ ಇಷ್ಟವಾದ ಇನ್ನೊಂದು ಸಂಗತಿ, ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡಲಿಲ್ಲ. ಆದ್ದರಿಂದ ಒಂದು ಬುಧವಾರ ತಪ್ಪಿತು ಅಂತ ಪೂರ್ತಿ ಕೈಬಿಡಬೇಡಿ. ಮುಂದಿನ ಬುಧವಾರ ಹೋಗಿ.

ಸರಿಯಾಗಿ ಬರುವವರಿಗೆ ಒಂದು ಅಪಾಯ ಇದೆ. ನಂಬಿಕಸ್ಥರು ಅಂತ ಗೊತ್ತಾದ ಕೂಡಲೇ ಕೆಲಸ ನಿಮ್ಮ ತಲೆ ಮೇಲೆ ಬೀಳುತ್ತಾ ಹೋಗುತ್ತದೆ. ಪಾಠ ಹೇಳಲು ಬಂದವರು ಲೆಕ್ಕಪತ್ರ ನೋಡುತ್ತಾರೆ, ಲೆಕ್ಕಪತ್ರ ನೋಡುವವರು ವಾರ್ಷಿಕೋತ್ಸವದ ಹೊಣೆ ಹೊರುತ್ತಾರೆ, ಒಂದು ದಿನ ಎಲ್ಲ ಬಿಟ್ಟು ಮನೆಗೆ ಹೋಗುತ್ತಾರೆ. ಒಳ್ಳೆಯ ಕಾರ್ಯಕರ್ತರನ್ನು ನಾವು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆ. "ನನ್ನದು ಬುಧವಾರ ಒಂದೂವರೆ ಗಂಟೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ" ಅಂತ ನಗುನಗುತ್ತಾ ಹೇಳಲು ಕಲಿಯಿರಿ. ಒಪ್ಪಿಕೊಳ್ಳುವಾಗಲೇ ಆರು ತಿಂಗಳು ಅಂತ ಅವಧಿ ಹೇಳಿ. ಆರು ತಿಂಗಳಾದ ಮೇಲೆ ಕೂತು ಮಾತಾಡಿ ಮುಂದುವರಿಸಿ ಅಥವಾ ಬಿಡಿ. ಬಿಡುವುದು ತಪ್ಪಲ್ಲ. ಬಿಡುವ ಒಂದು ತಿಂಗಳ ಮುಂಚೆ ಹೇಳಿ, ಹೊಸಬರನ್ನು ಎರಡು ವಾರ ಜೊತೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ ಬಿಡಿ.

ಮನೆಯವರ ವಿಷಯ ಮರೆಯಬಾರದು. ನೀವು ಬುಧವಾರ ಸಂಜೆ ಹೊರಗಿದ್ದರೆ ಆ ಹೊತ್ತಿನ ಅಡುಗೆ, ಮಕ್ಕಳ ಹೋಂವರ್ಕ್ ಯಾರೋ ನೋಡುತ್ತಿರುತ್ತಾರೆ. ನಿಮ್ಮ ಸೇವೆಯಲ್ಲಿ ಅವರದ್ದೂ ಪಾಲಿದೆ. ಮೊದಲೇ ಕೂತು ಮಾತಾಡಿ, ಅವರಿಗೂ ವಾರದಲ್ಲೊಂದು ಸಂಜೆ ಬಿಟ್ಟುಕೊಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬರು, "ನನ್ನದು ಶಿಫ್ಟ್ ಕೆಲಸ, ವಾರ ವಾರ ಬದಲಾಗುತ್ತದೆ, ನಾನು ದಿನ ನಿಗದಿ ಮಾಡುವುದು ಹೇಗೆ?" ಅಂದರು. ನಾನು ಹೇಳಿದೆ, ನಿಮಗೆ ದಿನಕ್ಕಿಂತ ಸಂದರ್ಭ ಹಿಡಿದುಕೊಳ್ಳುವುದು ಒಳ್ಳೆಯದು. "ರಾತ್ರಿ ಪಾಳಿ ಮುಗಿದ ಮೊದಲ ರಜಾ ದಿನ" ಅಂತ ಇಟ್ಟುಕೊಳ್ಳಿ. ಅಥವಾ ಮನೆಯಿಂದ ಮಾಡುವಂಥದ್ದು ನೋಡಿ. 2015ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ಬಿ ಮೈ ಐಸ್ ಅನ್ನುವ ಆ್ಯಪ್ ಇದೆ. ದೃಷ್ಟಿ ಇಲ್ಲದವರು ವಿಡಿಯೋ ಕರೆ ಮಾಡುತ್ತಾರೆ, ಅವರ ಭಾಷೆಯ ಸ್ವಯಂಸೇವಕರಲ್ಲಿ ಮೊದಲು ಎತ್ತಿದವರು ಉತ್ತರ ಹೇಳುತ್ತಾರೆ. ಮಾತ್ರೆ ಡಬ್ಬಿಯ ಮೇಲಿನ ದಿನಾಂಕ ಓದುವುದು, ಕೈಯಲ್ಲಿರುವ ಅಂಗಿ ಯಾವ ಬಣ್ಣ ಅಂತ ಹೇಳುವುದು, ಇಂಥವು. ನೀವು ಎತ್ತಲಾಗದಿದ್ದರೆ ಕರೆ ಇನ್ನೊಬ್ಬರಿಗೆ ಹೋಗುತ್ತದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಎಲ್ಲೆಲ್ಲಿಯದೋ ಜನ ತಮ್ಮ ಮನೆಯಲ್ಲೇ ಕೂತು, ಉಪಗ್ರಹ ಚಿತ್ರ ನೋಡಿಕೊಂಡು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಯಾರು ಬೇಕಾದರೂ ತಿದ್ದಬಹುದಾದ ಇಂಟರ್ನೆಟ್ ನಕ್ಷೆಯಲ್ಲಿ ರಸ್ತೆ, ಕಟ್ಟಡ ಗುರುತಿಸಿದರು, ಅಲ್ಲಿದ್ದ ಪರಿಹಾರ ತಂಡಗಳು ಆ ನಕ್ಷೆ ಹಿಡಿದು ಓಡಾಡಿದವು. ಅಂಥ ನಕ್ಷೆ ಕೆಲಸ ಈಗಲೂ ನಡೆಯುತ್ತಿದೆ, ರಾತ್ರಿ ಎರಡು ಗಂಟೆಗೂ ಮಾಡಬಹುದು.

ಇನ್ನೊಬ್ಬರು, "ಹಣ ಕೊಟ್ಟರೆ ಸಾಲದಾ?" ಅಂದರು. ಹಣ ಬೇಕೇ ಬೇಕು, ಕೊಡುವುದನ್ನು ಯಾವತ್ತೂ ಕೀಳಾಗಿ ನೋಡಬೇಡಿ. ಕೊಡುವುದಾದರೆ ಅದನ್ನೂ ತಿಂಗಳಿಗಿಷ್ಟು ಅಂತ ಕೊಡಿ, ಅವರಿಗೆ ಬಾಡಿಗೆ ಸಂಬಳದ ಯೋಜನೆ ಹಾಕಲು ಅನುಕೂಲ. ಆದರೂ ಒಂದು ಸಂಗತಿ ಹೇಳುತ್ತೇನೆ. 2012ರಲ್ಲಿ ಕ್ಯಾಸಿ ಮೊಗಿಲ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಬೇರೆಯವರಿಗಾಗಿ ಸ್ವಲ್ಪ ಹೊತ್ತು ಕಳೆದವರಿಗೆ ತಮ್ಮ ಕೈಯಲ್ಲಿ ಸಮಯ ಹೆಚ್ಚಿದೆ ಅಂತ ಅನಿಸಿತು. ತಮಗಾಗಿಯೇ ಅಷ್ಟು ಹೊತ್ತು ಕಳೆದವರಿಗೆ ಹಾಗೆ ಅನಿಸಲಿಲ್ಲ. ಹಣ ಕೊಡಿ, ತಿಂಗಳಿಗೊಮ್ಮೆ ಅವರ ಬಾಗಿಲಿಗೂ ಹೋಗಿ ಬನ್ನಿ.

ಕೊನೆಯ ಪ್ರಶ್ನೆ ಒಬ್ಬ ಹುಡುಗನದ್ದು. "ನಾಳೆ ಒಂದು ಸಂಸ್ಥೆಗೆ ಫೋನ್ ಮಾಡ್ತೀನಿ, ಏನು ಕೇಳಲಿ?" ನಾನು ಹೇಳಿದ್ದು ಇಷ್ಟು. ನಿನಗೆ ಯಾವ ದಿನ, ಎಷ್ಟು ಹೊತ್ತು ಆಗುತ್ತದೆ ಅಂತ ನೀನೇ ಮೊದಲು ಹೇಳು. ಆ ಹೊತ್ತಿಗೆ ಅವರಿಗೆ ಏನು ಬೇಕಾಗಿದೆ ಅಂತ ಕೇಳು, ನಿನಗೇನು ಇಷ್ಟ ಅನ್ನುವುದು ಆಮೇಲೆ. ತರಬೇತಿ ಇದೆಯಾ, ಬರಲಾಗದ ದಿನ ಯಾರಿಗೆ ತಿಳಿಸಬೇಕು, ಮಕ್ಕಳ ಜೊತೆ ಕೆಲಸ ಆದರೆ ಏನೇನು ನಿಯಮ ಇದೆ ಅಂತ ಕೇಳು. ಒಂದು ಸಲ ಹೋಗಿ ಸುಮ್ನೆ ಕೂತು ನೋಡಿ ಬಾ, ಆಮೇಲೆ ಒಪ್ಪಿಕೋ. ಕೆಲವು ಕಡೆಯಿಂದ ವಾರಗಟ್ಟಲೆ ಉತ್ತರ ಬರುವುದಿಲ್ಲ, ಅಲ್ಲಿ ಫೋನ್ ಎತ್ತುವವರೂ ನಮ್ಮಂಥ ಸ್ವಯಂಸೇವಕರೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡ, ಇನ್ನೊಂದು ಸಲ ಫೋನ್ ಮಾಡು, ಆಗಲೂ ಸಿಗದಿದ್ದರೆ ನಿನ್ನ ಮನೆಗೆ ಹತ್ತಿರ ಇರುವ ಇನ್ನೊಂದು ಕಡೆ ವಿಚಾರಿಸು.